ಅಕ್ಕ ಒಪ್ಪದ ಸೀರೆ

ನನ್ನ ಒಡಹುಟ್ಟಿದ ಅಕ್ಕನನ್ನು ಮಣ್ಣುಮಾಡುವ ದಿನ ತವರಿನ ಸೀರೆ ತರುವುದಕ್ಕೆ ನಾನು ವೃಥಾ ತಡಮಾಡಿದೆನೆಂದೂ, ನನ್ನ ಹಟದಿಂದಾಗಿ ನೆರೆದ ಜನವೆಲ್ಲ ಬಿಸಿಲಿನಲ್ಲಿ ಕಾಯಬೇಕಾಯಿತೆಂದೂ ಒಂದು ಅಪವಾದವನ್ನು ನನ್ನ ಮೇಲೆ ಹೊರಿಸಲಾಗಿದೆ. ಹೊರಿಸಿದವರು ಹೊರಗಿನವರಲ್ಲ, ಮಸ್ಕಿಯಲ್ಲಿರುವ ಅಕ್ಕನ ಹಿರಿಯ ಮಗ ಮತ್ತು ಅವನ ಮಾತಿಗೆ ತಲೆದೂಗಿದ ನಮ್ಮ ಬಂಧುಬಳಗ. ಲಿಂಗಸುಗೂರಿನ ಒಂದು ಮದುವೆಯಲ್ಲಿ ನಾನು ಊಟಕ್ಕೆ ಕುಳಿತಿರುವಾಗಲೇ, ಹಿಂದಿನ ಸಾಲಿನಲ್ಲಿದ್ದ ಬಳಗಾನೂರಿನ ಬೀಗರೊಬ್ಬರು ಪಕ್ಕದವರಿಗೆ, "ಇವ್ರ ನೋಡ್ರಿ, ಅಕ್ಕನ ಮಣ್ಣ ಬಿಟ್ಟು ಅಂಗಡ್ಯಾಗ ಸೀರಿ ಆರಸಕೋತ ಕುಂತವ್ರು" ಎಂದದ್ದು ನನ್ನ ಕಿವಿಗೆ ಬಿತ್ತು. ಹೋಳಿಗೆಯನ್ನು ಅರ್ಧಕ್ಕೆ ಬಿಟ್ಟು ಎದ್ದೆ. ಆಗಷ್ಟೇ ತುಪ್ಪ ಹಾಕಿದ್ದರು, ಆದರೂ ಎದ್ದೆ.

ಆ ದಿನ ನಡೆದದ್ದು ಸರಿಯೋ ತಪ್ಪೋ ಎಂದು ತೀರ್ಮಾನಿಸಬೇಕಾದವರಿಗೆ ಅಕ್ಕ ಎಂಥವಳೆಂಬುದು ಮೊದಲು ತಿಳಿದಿರಬೇಕು.

ಅಕ್ಕ ಸೀರೆಯನ್ನು ಕಣ್ಣಿನಿಂದ ನೋಡುವ ಮೊದಲು ಕಿವಿಯಿಂದ ಕೇಳುತ್ತಿದ್ದಳು. ರೊಟ್ಟಿ ಬಡಿದು ಬಡಿದು ಚಪ್ಪಟೆಯಾಗಿದ್ದ ಹೆಬ್ಬೆರಳು ತೋರುಬೆರಳುಗಳ ನಡುವೆ ಸೆರಗನ್ನು ಹಿಡಿದು, ಕಿವಿಯ ಬೆಂಡೋಲೆಗೆ ತಾಗುವಷ್ಟು ಹತ್ತಿರ ತಂದು, ಕಣ್ಣು ಮುಚ್ಚಿ ಮೆಲ್ಲನೆ ಉಜ್ಜುವಳು. ವೈದ್ಯರು ಎದೆಬಡಿತ ಆಲಿಸುವಾಗ ಇರುವಂಥ ಮೌನ ಆಗ ಮನೆಯಲ್ಲಿ ಇರಬೇಕಾಗುತ್ತಿತ್ತು. ಆಮೇಲೆ ಕಣ್ಣು ತೆರೆದು, ಸೀರೆಯನ್ನು ತೊಡೆಯ ಮೇಲೆ ಇಳಿಸಿ, ತೀರ್ಪು ಹೇಳುವಳು: "ಗಂಜಿ ಮಾತಾಡಾಕತ್ತೈತಿ ತಮ್ಮಾ. ನೂಲು ಸುಮ್ಮ ಕುಂತೈತಿ."

ಅಂದರೆ ಸೀರೆ ಬೇಡ. ಬದಲಿಸಿ ತರಬೇಕು.

ನಮ್ಮ ಸೀಮೆಯಲ್ಲಿ ಶ್ರಾವಣದ ಪಂಚಮಿಯೆಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣತಮ್ಮಂದಿರು ಸೀರೆ, ಕುಪ್ಪಸದ ಖಣ, ಉಂಡಿಗಳನ್ನು ಹೊತ್ತು ಅಕ್ಕತಂಗಿಯರ ಮನೆಗೆ ಹೋಗುವುದು ಪದ್ಧತಿ. ಹಬ್ಬ ಅವರದು, ಬೆವರು ನಮ್ಮದು. ನಾನು ಸಿಂಧನೂರಿನವನು, ಅಕ್ಕನನ್ನು ಕೊಟ್ಟದ್ದು ಮಸ್ಕಿಗೆ. ಸಿಂಧನೂರಿನ ಅಂಗಡಿಯಲ್ಲಿ ಸೀರೆ ಕೊಳ್ಳುವುದು, ಲಿಂಗಸುಗೂರಿನ ಬಸ್ಸು ಹತ್ತಿ ಮಸ್ಕಿಯಲ್ಲಿ ಇಳಿಯುವುದು, ಅಕ್ಕ ಒಲ್ಲೆನೆನ್ನುವುದು, ಸೀರೆಯನ್ನು ಮರಳಿ ತಂದು ಬದಲಿಸುವುದು, ಪುನಃ ಒಯ್ಯುವುದು: ಇಷ್ಟೂ ಸೇರಿ ನಮ್ಮ ಪಂಚಮಿ. ಹುತ್ತಕ್ಕೆ ಹಾಲೆರೆಯುವುದನ್ನು ಯಾವುದೋ ವರ್ಷ ಮರೆತಿದ್ದೇವೆ. ಸೀರೆ ಮರಳುವುದು ಮಾತ್ರ ಒಂದು ವರ್ಷವೂ ತಪ್ಪಲಿಲ್ಲ.

ಕಚೇರಿಯಲ್ಲಿದ್ದ ಕಾಲದಲ್ಲಿ ನನ್ನ ರುಜುವಿಲ್ಲದೆ ಯಾವ ಕಾಗದವೂ ಮುಂದಿನ ಮೇಜಿಗೆ ಹೋಗುತ್ತಿರಲಿಲ್ಲ. ಅಂಥ ನನ್ನ ಆಯ್ಕೆಗಳನ್ನು ಅಕ್ಕ ತಿರಸ್ಕರಿಸಿದ ಕಾರಣಗಳನ್ನು ನಾನು ಬರೆದಿಟ್ಟುಕೊಂಡಿಲ್ಲ, ಅಗತ್ಯವಿಲ್ಲ. ಒಂದು ವರ್ಷ ಅಗಲ ಅಂಚಿನ, ದೊಡ್ಡ ದಡಿಯ ಸೀರೆ ಒಯ್ದೆ. "ಓಣ್ಯಾಗ ದಡಿ ಹೊಂಟಂಗ ಕಾಣತೈತಿ. ಒಳಗ ನಾ ಅದೀನೋ ಇಲ್ಲೋ ಯಾರಿಗೂ ತಿಳಿಯಾಂಗಿಲ್ಲ" ಎಂದಳು. ಬೂದುಬಣ್ಣದ್ದು ಒಯ್ದಾಗ, "ಮಳ್ಯಾಗ ನಿಂತ ಎಮ್ಮಿ ತಂದೀಯಲ್ಲೋ" ಎಂದಳು. ಆನೆಯ ಸಾಲಿದ್ದ ಸೀರೆಯನ್ನು ನಾನು ಬಹಳ ಅಭಿಮಾನದಿಂದ ಒಯ್ದಿದ್ದೆ. ಅದನ್ನು ಬಿಚ್ಚಿ ನೋಡಿ, ನಿಜವಾದ ಕನಿಕರದಿಂದ, "ನಾ ಕುಂತ್ರ ಆನಿ ಮ್ಯಾಲ ಕುಂತಂಗ ಆಗತೈತಿ. ಪಾಪ, ಅವು ಏನ್ ಮಾಡ್ಯಾವ?" ಎಂದಳು.

ಸೀರೆ ಹಿಂದಿರುಗಿಸುವುದು ತಮ್ಮ ಮತ್ತೊಮ್ಮೆ ಬರಲಿ ಎಂಬ ಆಸೆಯಿಂದ ಎಂದು ನನ್ನ ಹೆಂಡತಿಯ ವ್ಯಾಖ್ಯಾನ. ಇದನ್ನು ನಾನು ಒಪ್ಪುವುದಿಲ್ಲ. ಸೀರೆಗಳಲ್ಲಿ ನಿಜವಾಗಿಯೂ ದೋಷವಿತ್ತು. ಅಕ್ಕನ ಕಿವಿಯನ್ನು ಪ್ರೀತಿಯ ಹೆಸರಿನಲ್ಲಿ ಅವಮಾನಿಸುವುದು ಸಲ್ಲದು.

ಬರಿಗೈಯಲ್ಲಂತೂ ಅವಳು ಎಂದೂ ಕಳಿಸಿದವಳಲ್ಲ. ಪಂಚಮಿಯ ಮುನ್ನ ಮನೆಮನೆಗೆ ಗರಿಗರಿಯಾದ ಕಟಕ ರೊಟ್ಟಿ ಹಂಚುವ ರೂಢಿ ನಮ್ಮಲ್ಲಿದೆಯಷ್ಟೆ. ತಿರಸ್ಕೃತ ಸೀರೆಯ ಜೊತೆಗೆ, ಸಿಂಧನೂರಿನ ನಂಟರಿಗೆಲ್ಲ ಸಲ್ಲಬೇಕಾದ ರೊಟ್ಟಿಗಳ ದೊಡ್ಡ ಗಂಟನ್ನು ನನ್ನ ತೋಳಿಗೆ ಒಪ್ಪಿಸಿ, "ಒಂದು ರೊಟ್ಟಿ ಮುರದ್ರ ನಿನ್ನ ಮೂಳಿ ಮುರೀತೀನಿ" ಎಂದು ಹರಸುವಳು. ಶ್ರಾವಣದ ಬಸ್ಸಿನಲ್ಲಿ ಉಂಡಿ ಡಬ್ಬಿಗಳು, ಜೋಕಾಲಿ ಹಗ್ಗಗಳು, ತವರಿಗೆ ಹೊರಟ ಹೆಂಗಸರು, ಅವರ ಮಕ್ಕಳು. ಇವೆಲ್ಲದರ ನಡುವೆ ನಾನು ಆ ಗಂಟನ್ನು ತಲೆಯ ಮೇಲೆತ್ತಿ ಹಿಡಿದು ನಿಂತು ಬಂದಿದ್ದೇನೆ. ಕೂಸನ್ನು ಹೊತ್ತವರಿಗೆ ಯಾರಾದರೂ ಸೀಟು ಬಿಡುತ್ತಾರೆ, ರೊಟ್ಟಿ ಹೊತ್ತವನಿಗೆ ಯಾರೂ ಬಿಡುವುದಿಲ್ಲ.

ಅಂಗಡಿಯವರ ವಿಷಯವನ್ನೂ ಹೇಳಬೇಕು. ಅವರು ನನ್ನ ವಯಸ್ಸಿನ ಮುಸಲ್ಮಾನ ವ್ಯಾಪಾರಿ. ಅಜ್ಜನ ಕಾಲದಿಂದ ಸೀರೆ ಮಾರುವ ಮನೆತನ. ಒಂದು ವರ್ಷ ಹಬ್ಬದ ನೂಕುನುಗ್ಗಲಿನಲ್ಲಿ ಬೇಸತ್ತ ನನಗೆ ಅವರೇ ಉಪಾಯ ಸೂಚಿಸಿದರು: "ಸಾಹೇಬ್ರ, ಇದೇ ಸೀರಿ ಉಲ್ಟಾ ಮಡಚಿ ಬ್ಯಾರೇ ಡಬ್ಬ್ಯಾಗ ಹಾಕಿ ಕೊಡ್ತೀನಿ. ನಿಮ್ಮ ಅಕ್ಕ ಆಪಾಗ ಗೊತ್ತೇ ಆಗಾಂಗಿಲ್ಲ." ನಾನು ಒಪ್ಪಿದೆ. ಮಸ್ಕಿಯಲ್ಲಿ ಅಕ್ಕ ಡಬ್ಬಿಯ ಮುಚ್ಚಳ ತೆಗೆದವಳೇ, ಸೀರೆಯನ್ನು ಕಿವಿಗೆ ಸಹ ಹಿಡಿಯದೆ, "ಬರ್ರಿ ಬೀಗರ, ಮೊನ್ನಿನೇ ಬಂದು ಹೋಗಿದ್ರಿ. ಟೊಪ್ಪಿಗಿ ಬದಲಿಸ್ಕೊಂಡು ಮತ್ತ ಬಂದ್ರೇನು?" ಎಂದು ಸೀರೆಯನ್ನೇ ಮಾತನಾಡಿಸಿದಳು. ಅನಂತರ ನನ್ನ ಕಡೆ ತಿರುಗಿ ಸೆರಗಿನ ಅಂಚಿನ ಒಂದು ದಾರವನ್ನು ಎತ್ತಿ ತೋರಿಸಿದಳು. ಅದರ ತುದಿಯಲ್ಲಿ ಸಾಸಿವೆಗಿಂತ ತುಸು ದೊಡ್ಡದಾದ ಗಂಟು. ಬೇಡವಾದ ಸೀರೆಯ ಸೆರಗಿಗೆ ಅವಳು ಮೊದಲಿನಿಂದಲೂ ಹಾಗೊಂದು ಗಂಟು ಹಾಕಿ ಕಳಿಸುತ್ತಿದ್ದಳು. "ಗಂಡಸರನ್ನ ನಂಬಬಹುದು ತಮ್ಮಾ. ಸೀರಿ ತರಾಕ ಹೋದ ಗಂಡಸರನ್ನ ನಂಬಬಾರದು."

ಇದನ್ನು ಕೇಳಿ ಅಂಗಡಿಯವರು ತಮ್ಮ ಕಪಾಟಿನಲ್ಲಿ ಹುಡುಕಿದರು. ಮಾರಾಟವಾಗದೆ ಉಳಿದ ಕೆಲವು ಸೀರೆಗಳಲ್ಲಿ ಗಂಟು ಸಿಕ್ಕಿತು. ಅಂದಿನಿಂದ ಅವರು ಆ ಸೀರೆಗಳಿಗೆ ವಿಶೇಷ ಮರ್ಯಾದೆ ಕೊಟ್ಟು, "ಆಪಾ ಪಾಸ್ ಮಾಡ್ಲಾರದ್ದು" ಎಂದು ನನಗೆ ತೋರಿಸುವರು.

ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾದ ಮೇಲೆ, ಪಂಚಮಿಗೆ ಮುಂಚೆ ಒಂದು ದಿನ ಅಕ್ಕ ಮುನ್ಸೂಚನೆಯಿಲ್ಲದೆ ಸಿಂಧನೂರಿಗೆ ಬಂದಿಳಿದಳು. "ಸರ್ಕಾರ ಅಷ್ಟು ಪ್ರೀತಿಲೆ ಕರೀವಾಗ ಬರದಿದ್ರ ಬ್ಯಾಸರ ಮಾಡ್ಕೋತೈತಿ" ಎಂದಳು. ನೇರವಾಗಿ ಅಂಗಡಿಗೆ ಕರೆದೊಯ್ದೆ. ಅಂಗಡಿಯವರು ಗಲ್ಲಾ ಬಿಟ್ಟು ಎದ್ದು ನಿಂತರು.

"ಆಓ ಆಪಾ, ಬರ್ರಿ! ಇಷ್ಟು ದಿನಾ ನಿಮ್ಮ ಗಂಟು ನೋಡಿದ್ದೆ, ಇವತ್ತ ಮುಖ ನೋಡಿದೆ."

"ಗಂಟಿನ ಸೀರಿ ಏನ್ ಮಾಡಿದ್ರಿ?"

"ಮಾರಿದೆ ಆಪಾ. ಎಲ್ಲಾರಿಗೂ ನಿಮ್ಮಂಥ ಕಿವಿ ಇರಾಂಗಿಲ್ಲ. ಅಲ್ಲಾ ದೊಡ್ಡಾವ, ನಮ್ಮ ಹೊಟ್ಟಿ ನಡೀಬೇಕಲ್ಲ."

ಅಕ್ಕ ಒಂದೊಂದೇ ಸೀರೆಯನ್ನು ಹೊಸ್ತಿಲಿಗೆ ಒಯ್ದು ಬಿಸಿಲಿಗೆ ಹಿಡಿದಳು. ಅಂಗಡಿಯ ದೀಪದ ಬಣ್ಣ ಅಂಗಡಿಯಲ್ಲೇ ಉಳಿಯುತ್ತದೆ, ಮನೆಗೆ ಬರುವುದಿಲ್ಲ ಎಂಬುದು ಅವಳ ಸಿದ್ಧಾಂತ. ಬಾಗಿಲು ಕಟ್ಟಿತು. ಹೊರಗಿದ್ದವರು ಒಳಗೆ ಬರಲಾರದೆ, ಒಳಗಿದ್ದವರು ಹೊರಗೆ ಹೋಗಲಾರದೆ, ಕೊನೆಗೆ ಎಲ್ಲರೂ ಅವಳ ಸೀರೆಯ ಬಗ್ಗೆಯೇ ಅಭಿಪ್ರಾಯ ಹೇಳತೊಡಗಿದರು. ಊಟದ ಹೊತ್ತು ಮೀರಿದ ಮೇಲೆ ಅವಳು ತಾನೇ, ತನ್ನ ಕಿವಿಯಾರೆ, ಒಂದನ್ನು ಆರಿಸಿದಳು. ಅಂಗಡಿಯವರು ಎರಡೂ ಕೈ ಎತ್ತಿ ದುವಾ ಮಾಡಿದರು. ನಾನು ಅವಳನ್ನು ಬಸ್ಸಿಗೆ ಹತ್ತಿಸಿ, ಜೀವನದಲ್ಲಿ ಒಂದು ಪಂಚಮಿಯಾದರೂ ನೆಟ್ಟಗಾಯಿತೆಂದು ಮನೆಗೆ ಬಂದು ಮಲಗಿದೆ.

ಮರುದಿನ ಬೆಳಿಗ್ಗೆ ಫೋನು ಬಂತು. "ತಮ್ಮಾ, ಮಸ್ಕಿ ಬಿಸಲಾಗ ಬ್ಯಾರೇನ ಕಾಣಾಕತ್ತೈತಿ."

ಈಗ ಕಳೆದ ವರ್ಷದ ವಿಚಾರಕ್ಕೆ ಬರುತ್ತೇನೆ. ಪಂಚಮಿ ಸಮೀಪಿಸಿತ್ತು. ತಿಳಿ ನೀಲಿ ಬಣ್ಣದ ಒಂದು ಸೀರೆ ಒಯ್ದೆ. ಅಕ್ಕ ಮೊಣಕಾಲು ನೋವಿನಿಂದ ಪಡಸಾಲೆಯ ಹೊರಸಿನ ಮೇಲೆ ಕಾಲು ಚಾಚಿ ಕುಳಿತಿದ್ದಳು. ಭಾವ ಹೊಲಕ್ಕೆ ಹೋಗಿದ್ದರು, ಅವಳ ಹಿರಿಯ ಮಗ ಪಕ್ಕದ ಕುರ್ಚಿಯಲ್ಲಿದ್ದ. ಅಕ್ಕ ಸೀರೆಯನ್ನು ಕೇಳಿದಳು, ನೋಡಿದಳು, ಮಡಿಚಿದಳು.

"ಆಸ್ಪತ್ರಿ ಪರದಿ ತಂದಿ ತಮ್ಮಾ. ಇದನ್ನ ಉಟ್ಟು ಹೊರಗ ಬಂದ್ರ ಮಂದಿ ಬಂದು, ಸೂಜಿ ಎಲ್ಲಿ ಮಾಡ್ತಾರಂತ ಕೇಳತಾರ."

"ಇದೊಂದು ಸಲ ಇಟ್ಕೋ ಅಕ್ಕಾ. ಅಂಗಡ್ಯಾಗ ಕಾಲಿಡಾಕ ಜಾಗ ಇಲ್ಲ."

"ಸತ್ರೂ ಉಡಾಂಗಿಲ್ಲ."

ಅವಳ ಮಗ ಗಹಗಹಿಸಿ ನಕ್ಕ. "ಅವ್ವಾ, ನಿನ್ನ ಹಟ ಭಾಳ ಆತು. ಮಾಮ ಎಷ್ಟಂತ ತಿರಗಬೇಕು?" ಅಕ್ಕ ಅವನ ಎದುರಿಗೇ ಸೆರಗಿನ ದಾರಕ್ಕೆ ಗಂಟು ಹಾಕಿ, ಸೀರೆಯನ್ನು ನನ್ನ ಚೀಲದಲ್ಲಿಟ್ಟು, ಅದರ ಮೇಲೆ ಶೇಂಗಾ ಉಂಡಿಯ ಡಬ್ಬಿ ಇಟ್ಟಳು. ಉಂಡಿ ಇನ್ನೂ ಬಿಸಿಯಾಗಿತ್ತು.

ಸೀರೆ ಬದಲಿಸುವ ಮೊದಲೇ ಒಂದು ಮುಂಜಾನೆ ಆ ಮಗನೇ ಫೋನು ಮಾಡಿದ. "ಮಾಮ, ಅವ್ವ ಬೆಳಗ್ಗಿ ಎದ್ದೇ ಇಲ್ಲ" ಎಂದ. ಆಮೇಲೆ, "ತವರ ಸೀರಿ ಬರೂ ತನಕಾ ಎತ್ತಾಕ ಬರಾಂಗಿಲ್ಲ. ಹೆಂಗೂ ಪಂಚಮಿ ಸೀರಿ ನಿನ್ನ ಮನ್ಯಾಗೇ ಐತಲ್ಲ, ಹೊಸಾದು. ಅದನ್ನೇ ತಗೊಂಡು ಲಗೂನ ಬಾ" ಎಂದ.

ಹೆಣ್ಣುಮಗಳು ತೀರಿದಾಗ ಕಡೆಯದಾಗಿ ಅವಳ ಮೈಗೆ ಏರುವುದು ತವರಿನ ಸೀರೆ. ಅದನ್ನು ತರುವುದು ತಮ್ಮನಾದ ನನ್ನ ಪಾಲಿನ ಕೊನೆಯ ಕೆಲಸ. ನಾನು ನೀಲಿ ಸೀರೆಯನ್ನು ಕೈಯಲ್ಲಿ ಹಿಡಿದು ಅಂಗಡಿಗೆ ಹೋದೆ, ಬಸ್‌ಸ್ಟ್ಯಾಂಡಿಗಲ್ಲ. ಬಾಗಿಲು ಇನ್ನೂ ತೆರೆದಿರಲಿಲ್ಲ. ಹಬ್ಬದ ವ್ಯಾಪಾರಕ್ಕೆಂದು ಹಳ್ಳಿಗಳಿಂದ ಬಂದ ಹೆಂಗಸರು ಆಗಲೇ ಕಟ್ಟೆಯ ಮೇಲೆ ಕುಳಿತಿದ್ದರು. ಅಂಗಡಿಯವರಿಗೆ ಹೇಳಿಕಳಿಸಿದೆ. ಅವರು ಚಹಾ ಬಿಟ್ಟು ಬಂದು ಶಟರ್ ಎತ್ತಿದರು. ಜನ ಒಳಗೆ ನುಗ್ಗಿದರು. ಒಬ್ಬ ಹೆಂಗಸು ನನ್ನನ್ನು ತಳ್ಳಿ, "ಪಾಳಿ ಹಚ್ರಿ ಯಜಮಾನ್ರ, ಹಬ್ಬ ನಿಮಗಟ್ಟೇ ಇಲ್ಲ" ಎಂದಳು. ಅಂಗಡಿಯವರು ಅವಳಿಗೆ ಮೆಲ್ಲನೆ ಸಂಗತಿ ಹೇಳಿದರು. ಅವಳು ತನ್ನ ಕೈಯಲ್ಲಿದ್ದ ಖಣವನ್ನು ಕೆಳಗಿಟ್ಟಳು.

"ಮುತ್ತೈದಿ ಏನ್ರಿ?"

"ಹೌದವ್ವ" ಎಂದೆ.

"ಹಂಗಾದ್ರ ಹಸರು ತಗೀರಿ ಸಾಹುಕಾರ. ಚಲೋದು ತಗೀರಿ."

ಅಂಗಡಿಯವರು ಮೇಲಿನ ಕಪಾಟಿನಿಂದ ಒಂದು ಹಸಿರು ಇಳಕಲ್ ಸೀರೆ ಇಳಿಸಿದರು. ಕೆಂಪು ಸೆರಗು, ಹಿತವಾದ ದಡಿ. ಎಲ್ಲರೂ ಒಪ್ಪಿದರು. ನಾನು ಸೆರಗಿನ ದಾರಗಳನ್ನು ನೋಡಿದೆ. ಗಂಟಿತ್ತು.

ಅಂಗಡಿಯವರು ಕನ್ನಡಕ ತೆಗೆದು, ದಾರವನ್ನು ಕಣ್ಣಿಗೆ ಹತ್ತಿರ ಹಿಡಿದರು. "ಯಾ ಅಲ್ಲಾ! ಇದನ್ನೂ ನೋಡ್ಯಾಳಲ್ಲ ಆಪಾ" ಎಂದು ನಗಲು ಹೋದರು. ನಗು ಅರ್ಧಕ್ಕೆ ನಿಂತಿತು. ಕನ್ನಡಕವನ್ನು ಬಹಳ ಹೊತ್ತು ಒರೆಸಿದರು.

ಇನ್ನೊಂದು ಹಸಿರು ತೆಗೆದರು. ಒಬ್ಬಳು ಹೊಸ್ತಿಲಿಗೆ ಒಯ್ದು ನೋಡಿ, ಬಣ್ಣ ಬಾಡಿದೆಯೆಂದಳು. ಮತ್ತೊಂದು ತೆಗೆದರು, ದಡಿಯಲ್ಲಿ ಎಳೆ ಜಗ್ಗಿತ್ತು. ತಮ್ಮ ಹಬ್ಬದ ಖರೀದಿಯನ್ನು ಮರೆತು ಆ ಹೆಂಗಸರೆಲ್ಲ, ತಾವು ಕಂಡಿರದ ನನ್ನ ಅಕ್ಕನಿಗೆ ಸೀರೆ ಆರಿಸಿದರು. ಕೊನೆಗೆ ಗಿಳಿಹಸಿರಿನ ಒಂದು ಸೀರೆ ಬಂತು. ಬಿಸಿಲಿನಲ್ಲಿ ಬಣ್ಣ ಕದಲಲಿಲ್ಲ. ನಾನು ಸೆರಗನ್ನು ಕಿವಿಗೆ ಹಿಡಿದು ಉಜ್ಜಿದೆ. ಏನು ಕೇಳಿಸಬೇಕೆಂಬುದು ನನಗೆ ಎಂದೂ ತಿಳಿದಿರಲಿಲ್ಲ. ಆದರೂ ಕಣ್ಣು ಮುಚ್ಚಿ ಉಜ್ಜಿದೆ. ಅಂಗಡಿ ನಿಶ್ಶಬ್ದವಾಗಿತ್ತು.

ಮಸ್ಕಿ ತಲುಪಿದಾಗ ಹೊತ್ತಾಗಿತ್ತು ನಿಜ. ಹಬ್ಬದ ಬಸ್ಸಿನಲ್ಲಿ ಬಾಗಿಲ ಮೆಟ್ಟಿಲ ಮೇಲೆ ನಿಂತು ಬಂದವನು ನಾನು. ಕಾರಣ ಹೇಳುವ ಮೊದಲೇ ಅಕ್ಕನ ಮಗ ನೆರೆದವರೆಲ್ಲರ ಎದುರು, "ಸತ್ತವ್ರಿಗೆ ಯಾವ ಸೀರಿ ಆದ್ರೇನು ಮಾಮ? ಮಂದಿ ಬಿಸಲಾಗ ಕುಂತಾರ" ಎಂದ. ಕೂಸಾಗಿದ್ದಾಗ ಇವನ ಜವಳದ ಕೂದಲು ತೆಗೆಸಿದ್ದು ನನ್ನ ತೊಡೆಯ ಮೇಲೆ. ಅಂದು ನನ್ನ ಹೊಸ ಧೋತರದ ಮೇಲೆ ಅವನು ಮಾಡಿದ್ದನ್ನು ಕ್ಷಮಿಸಿದ್ದೇನೆ, ಆಗ ಅವನಿಗೆ ಬುದ್ಧಿ ಬಂದಿರಲಿಲ್ಲವೆಂದು. ಈ ಮಾತಿಗೆ ಆ ವಿನಾಯಿತಿ ಇಲ್ಲ. ಸೀರೆಯನ್ನು ಚೀಲದಿಂದ ತೆಗೆದು ಕೊಟ್ಟೆ. ಹೆಂಗಸರು ಸೀರೆಯನ್ನು ಒಳಗೆ ಒಯ್ದು ಉಡಿಸಿದರು. ನಮ್ಮ ಪದ್ಧತಿಯಂತೆ ಅಕ್ಕನನ್ನು ಗೋಡೆಗೆ ಆನಿಸಿ ಕೂರಿಸಿದಾಗ ಸೆರಗು ತೊಡೆಯ ಮೇಲೆ ಬಿದ್ದಿತ್ತು. ನಾನು ಬಗ್ಗಿ ದಾರಗಳನ್ನು ನೋಡಿದೆ. ಮತ್ತೊಮ್ಮೆ ನೋಡಿದೆ. ಎಲ್ಲವೂ ಬಿಡಿಯಾಗಿದ್ದವು.

ಸಂಜೆ ಸಿಂಧನೂರಿಗೆ ಮರಳುವಾಗ ಬಸ್ಸಿನಲ್ಲಿ ಸೀಟು ಸಿಕ್ಕಿತು. ತೊಡೆಯ ಮೇಲಿನ ಚೀಲದಲ್ಲಿ ಸೀರೆಯಿರಲಿಲ್ಲ, ರೊಟ್ಟಿಯಿರಲಿಲ್ಲ, ಉಂಡಿಯಿರಲಿಲ್ಲ. ಮಸ್ಕಿಯಿಂದ ನಾನು ಖಾಲಿ ಚೀಲ ತಂದದ್ದು ಅದೇ ಮೊದಲು.

ಈ ಪಂಚಮಿಗೆ ಅಕ್ಕನ ಮನೆಯವರು, "ಇನ್ನ ಮ್ಯಾಲ ಸೀರಿ ತ್ರಾಸು ತಗೋಬ್ಯಾಡ ಮಾಮ" ಎಂದು ಹೇಳಿಕಳಿಸಿದ್ದಾರೆ. ತ್ರಾಸಿನ ಲೆಕ್ಕ ನನಗಿರಲಿ. ಅವರನ್ನೂ, ಅವರೊಡನೆ ತಲೆದೂಗಿದ ಬೀಗರನ್ನೂ ನಾನು ಕೇಳುವುದು ಇಷ್ಟೇ: ಸತ್ತರೂ ಉಡುವುದಿಲ್ಲವೆಂದು ಅಕ್ಕ ಬಾಯಿಬಿಟ್ಟು ಹೇಳಿ, ಮಗನ ಎದುರಿಗೇ ಗಂಟು ಹಾಕಿ ಕಳಿಸಿದ ಸೀರೆಯನ್ನು, ಒಲ್ಲೆನೆನ್ನಲು ಅವಳಿಗೆ ಬಾಯಿಲ್ಲದ ದಿನ ತಂದು ಉಡಿಸುವ ಧೈರ್ಯ ನಿಮ್ಮಲ್ಲಿ ಯಾರಿಗಿತ್ತು?