ಕಾಲು ಭಾಗದ ರಿಯಾಯಿತಿ

ಸಕಲೇಶಪುರದಿಂದ ನಮ್ಮ ತೋಟಕ್ಕೆ ಬರುವ ದಾರಿಯಲ್ಲಿ, ಹೊಳೆ ತಿರುಗುವ ಕಡೆ, ಒಬ್ಬ ಮಹಾಶಯ ಡೇರೆಗಳನ್ನು ಹೊಡೆಸಿ ‘ಹಾಲಿಡೇ ಕ್ಯಾಂಪ್’ ಎಂದು ಬೋರ್ಡು ನೆಟ್ಟಿದ್ದ. ಅರವತ್ತರ ದಶಕದ ಮೊದಲ ವರ್ಷಗಳ ಮಾತು. ಡೇರೆಗಳು ಮಿಲಿಟರಿ ಹರಾಜಿನವು. ಒಳಗೆ ಕಾಲಿಟ್ಟರೆ ಬೂಷ್ಟಿನ ವಾಸನೆ, ಸೀಮೆಎಣ್ಣೆಯ ವಾಸನೆ. ಹೊರಗೆ ಕಾಲುದಾರಿಯ ಎರಡೂ ಬದಿಗೆ ಕಲ್ಲು ಜೋಡಿಸಿ ಸುಣ್ಣ ಬಳಿಸಿದ್ದ. ಆ ಸುಣ್ಣದ ಕಲ್ಲುಗಳೇ ಅಲ್ಲಿನ ವೈಭವ. ಬೆಂಗಳೂರಿನಿಂದ ಮೀನು ಹಿಡಿಯಲು ಬರುತ್ತಿದ್ದ ದೊರೆಗಳಿಗೆ ಅಷ್ಟೇ ಸಾಕಾಗುತ್ತಿತ್ತು. ಹೊಳೆಯಲ್ಲಿ ಮೀನು ಸಿಗದಿದ್ದರೂ ಅವರು ಸಂತೋಷದಿಂದಲೇ ಹಿಂತಿರುಗುತ್ತಿದ್ದರು. ಎಂಥೆಂಥವರಿಗೆ ಎಂಥೆಂಥಾ ಸಂತೋಷ.

ಬೋರ್ಡು ಇಂಗ್ಲಿಷಿನಲ್ಲಿತ್ತು. ಮನೆಯಲ್ಲಿ ಕಾನ್ವೆಂಟಿನಲ್ಲಿ ಓದಿದವಳು ನಾನೊಬ್ಬಳೇ ಆದ್ದರಿಂದ, ಜೀಪು ಆ ತಿರುವಿನಲ್ಲಿ ನಿಧಾನವಾದಾಗಲೆಲ್ಲ ಅತ್ತೆ ಕೇಳುವರು: “ಏನಮ್ಮಾ ಅದು, ಅಷ್ಟುದ್ದ ಬರ್ದವ್ನೆ?”

ಅಷ್ಟುದ್ದವೇ ಇತ್ತು. ಮೇಲೆ ದಪ್ಪಕ್ಷರದಲ್ಲಿ ‘ಬಾಡಿಗೆಯಲ್ಲಿ ಕಾಲು ಭಾಗ ರಿಯಾಯಿತಿ’. ಅದರ ಕೆಳಗೆ ಸಣ್ಣಕ್ಷರ: ನಾಲ್ಕು ಮಂದಿ ಮತ್ತು ಅದಕ್ಕೆ ಮೇಲ್ಪಟ್ಟ ತಂಡಕ್ಕೆ. ಅದರ ಕೆಳಗೆ ಇನ್ನೂ ಸಣ್ಣದು: ಬಂದ ಕೂಡಲೇ ನಗದು ಕೊಟ್ಟವರಿಗೆ ಮಾತ್ರ, ಮಂಚ, ಹಾಸಿಗೆ, ಲಾಂದ್ರ, ಬಿಸಿನೀರು ಹೊರತು. ಕಟ್ಟಕಡೆಗೆ, ಹುಲ್ಲು ಸರಿಸಿ ಓದಬೇಕಾದಲ್ಲಿ: ಎಲ್ಲವೂ ಮಾಲೀಕರ ಇಚ್ಛೆಗೆ ಒಳಪಟ್ಟು. ಮಂಚ, ಹಾಸಿಗೆ, ದೀಪ, ನೀರು ತೆಗೆದರೆ ರಿಯಾಯಿತಿಗೆ ಉಳಿಯುವುದು ಕೆಳಗಿನ ನೆಲ, ಮೇಲಿನ ಬಟ್ಟೆ. ಕಾನ್ವೆಂಟಿನಲ್ಲಿ ಸಿಸ್ಟರ್ ಇಡೀ ಪುಟವನ್ನು ಒಂದೇ ವಾಕ್ಯಕ್ಕೆ ಇಳಿಸಿ ಬರೆಯುವುದನ್ನು ನಮಗೆ ಕಲಿಸಿದ್ದರು. ನಾನು ಇಳಿಸಿ ಅತ್ತೆಗೆ ಹೇಳಿದೆ: “ಮೊದಲು ದುಡ್ಡು ಕೊಡಿ ಅಂತ ಬರೆದಿದಾನೆ ಅತ್ತೆ.”

“ಅಯ್ಯೋ, ಅಷ್ಟಕ್ಕೆ ಇಷ್ಟು ಬಣ್ಣ ಹಾಳ್ ಮಾಡವ್ನಾ!” ಎಂದರು ಅವರು.

ನಗದು ಎನ್ನುವ ಮಾತು ನಮ್ಮ ಕಡೆ ಅಷ್ಟು ಮರ್ಯಾದೆಯದಾಗಿರಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಬೆಳೆದ ಕಾಫಿಯನ್ನೆಲ್ಲ ಸರ್ಕಾರದ ಕಾಫಿ ಬೋರ್ಡಿನ ಪೂಲಿಗೆ ಒಪ್ಪಿಸಬೇಕಿತ್ತು. ಅದರ ಹಣ ಕಂತು ಕಂತಾಗಿ, ಬಂದಾಗ ಬರುತ್ತಿತ್ತು. ಅಲ್ಲಿಯವರೆಗೆ ಅಕ್ಕಿ, ಬಟ್ಟೆ, ಔಷಧಿ ಎಲ್ಲವೂ ಲೆಕ್ಕಕ್ಕೆ. ಪೇಟೆಯ ಬಟ್ಟೆ ಅಂಗಡಿಯ ಸಾಹೇಬರ ಮುಂದೆ ನಾನೊಮ್ಮೆ, ಹೊಸ ಸೊಸೆ, ಪರ್ಸು ತೆಗೆದಿದ್ದಕ್ಕೆ ಅವರ ಮುಖ ಸಣ್ಣದಾಗಿಬಿಟ್ಟಿತು. “ಯಾಕಮ್ಮಾ, ನಮ್ಮ ಮೇಲೆ ಏನಾದ್ರೂ ಬೇಜಾರಾಯ್ತಾ? ಪೂಲ್ ಬರ್ಲಿ, ನೋಡುವಾ” ಎಂದರು. ಕೂಡಲೇ ಕೈಗೆ ದುಡ್ಡು ಕೊಡುವವರು ಆ ಅಂಗಡಿಯ ಸಹವಾಸ ಸಾಕು ಎಂದುಕೊಂಡವರು ಮಾತ್ರ. ಕೂಲಿಯವರ ಬಟವಾಡೆಗೆಂದು ವಾರಕ್ಕೊಮ್ಮೆ ಮನೆಗೆ ನೋಟು ಬರುತ್ತಿತ್ತು, ಶನಿವಾರ ಸಂಜೆಗೆ ಅದೂ ಮುಗಿಯುತ್ತಿತ್ತು.

ಆ ವರ್ಷ ಕಾಫಿ ಕುಯಿಲಿನ ಹೊತ್ತಿಗೆ ನನ್ನ ನಾದಿನಿಯನ್ನು ನೋಡಲು ಮೈಸೂರಿನಿಂದ ಬರುತ್ತೇವೆಂದು ಒಂದು ಕಡೆಯವರು ಹೇಳಿಕಳಿಸಿದರು. ನಾದಿನಿಗೆ ಇಪ್ಪತ್ತನಾಲ್ಕು ತುಂಬಿತ್ತು. ಹಾಸನದ ಕಾಲೇಜನ್ನು ನಡುವೆ ಬಿಡಿಸಿ ಮನೆಗೆ ಕರೆತಂದ ಮೇಲೆ ಅವಳ ಬಾಯಲ್ಲಿ ಒಂದೇ ಜಪ, ಮೈಸೂರು. ಅಲ್ಲಿಗೆ ಹೋದರೆ ಓದು ಮುಗಿಸಬಹುದು. ಹುಡುಗ ಅಲ್ಲಿಯ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರು, ಮದುವೆಯಾದ ಮೇಲೂ ಓದಲಿ ಎಂದಿದ್ದನಂತೆ. ಹಿಂದೆ ಬಂದ ಎರಡು ಸಂಬಂಧಗಳು ತಪ್ಪಿದ್ದವು, ಆಗ ಅವಳು ಹೂಂ ಎಂದೂ ಅಂದಿರಲಿಲ್ಲ, ಊಹೂಂ ಎಂದೂ ಅಂದಿರಲಿಲ್ಲ. ಈ ಸಲ ನನ್ನ ಹತ್ತಿರ ಬಂದು, “ಅತ್ತಿಗೆ, ಇದೊಂದು ಆಗ್ಲಿ” ಎಂದಳು. ಕಿತ್ತಳೆ ವ್ಯಾಪಾರಿಗೆ ಹಿತ್ತಲ ಹಣ್ಣು ಮಾರಿದ ದುಡ್ಡನ್ನು ಕಾಲೇಜಿನ ಫೀಸಿಗೆಂದೇ ಬಿಸ್ಕತ್ತಿನ ಡಬ್ಬಿಯಲ್ಲಿ ಕೂಡಿಡುತ್ತಿದ್ದಳು.

ಒಪ್ಪಿಗೆಯಾಗುವ ಮೊದಲು ಹೆಣ್ಣಿನ ಮನೆಯಲ್ಲಿ ರಾತ್ರಿ ತಂಗುವುದಿಲ್ಲ ಎಂದು ಅವರು ತಿಳಿಸಿದ್ದರು. ಹಾಗಾಗಿ ಮಾವನವರು ಕ್ಯಾಂಪಿನವನ ಬಳಿ ಹೋಗಿ, “ನಮ್ಮ ನೆಂಟರು ಬರ್ತಾರೆ. ಏನೇನ್ ಬೇಕೋ ಎಲ್ಲಾ ಕೊಡು. ನನ್ನ ಲೆಕ್ಕಕ್ಕೆ ಬರ್ಕೊ” ಎಂದರು. ಅವನು ಹ್ಯಾಟು ತೆಗೆದು, “ಖಂಡಿತಾ ಸರ್” ಎಂದು ಬಗ್ಗಿದ. ಅವನು ಹ್ಯಾಟು ತೆಗೆದಾಗಲೇ ಅನುಮಾನಪಡಬೇಕಾಗಿತ್ತು.

ಶನಿವಾರ ಸಂಜೆ ಮೈಸೂರಿನವರು ಬಾಡಿಗೆ ಕಾರಿನಲ್ಲಿ ಕ್ಯಾಂಪಿಗೆ ಬಂದಿಳಿದರು: ಹುಡುಗ, ಅವನ ತಂದೆ, ತಾಯಿ. ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬಂದರು. ಕಾರು ಅಂಗಳದಲ್ಲಿ ನಿಂತಿತು. ಇಳಿದವರೆಲ್ಲರಿಗಿಂತ ಮೊದಲು ನನ್ನ ಕಣ್ಣಿಗೆ ಬಿದ್ದವನು ಡ್ರೈವರ್. ಅವನ ಕಣ್ಣು ಕೆಂಪಗಿತ್ತು. ಅಂಗಿಯ ಭುಜದ ಮೇಲೆ ಕಾರಿನ ಸೀಟಿನ ಹೊಲಿಗೆಯ ಗುರುತು ಮೂಡಿತ್ತು. ಹಿತ್ತಲ ಬಾಗಿಲಿಗೆ ಕರೆದು ಕಾಫಿ ಕೊಟ್ಟೆ. ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡು ಮೊದಲು ಕೈ ಕಾಯಿಸಿಕೊಂಡ.

“ಡೇರೇಲಿ ಮಲಗಲಿಲ್ವೇನಪ್ಪಾ?” ಎಂದೆ.

“ನಂಗೆ ಮಂಚ ತಗೊಂಡಿರ್ಲಿಲ್ಲ ಅಮ್ಮಾ. ಕಾರಲ್ಲೇ ಮಲ್ಗು ಅಂದ್ರು” ಎಂದ.

ಒಳಗೆ ಉಪ್ಪಿಟ್ಟು, ಕೇಸರಿಬಾತು ಬಡಿಸಿ ಆಗಿತ್ತು. ಹುಡುಗನ ತಂದೆ ದಪ್ಪ ಮೀಸೆಯ, ಇಸ್ತ್ರಿ ಹಾಕಿದ ಕೋಟಿನ ಮನುಷ್ಯ. ತಟ್ಟೆಯಲ್ಲಿ ಬಿದ್ದ ಗೋಡಂಬಿಯನ್ನು ಮೊದಲು ಆರಿಸಿ ತಿಂದು, ಆಮೇಲೆ ಉಪ್ಪಿಟ್ಟಿಗೆ ಕೈ ಹಾಕಿದರು. ನಾದಿನಿ ಕಾಫಿಯ ತಟ್ಟೆ ಹಿಡಿದು ಬಂದು ಎಲ್ಲರಿಗೂ ಕೊಟ್ಟು ನನ್ನ ಪಕ್ಕದಲ್ಲಿ ನಿಂತಳು. ಹುಡುಗ ನೋಡಲು ಲಕ್ಷಣವಾಗಿದ್ದ, ಸುಳ್ಳು ಹೇಳಬಾರದು. ಅವಳೂ ನೋಡಿದಳು. ಕಿವಿ ಕೆಂಪಾದದ್ದು ನನಗೆ ಕಾಣಿಸಿತು.

ಆಗ ಹುಡುಗನ ತಂದೆ ಕೋಟಿನ ಜೇಬಿನಿಂದ ಒಂದು ರಸೀದಿ ತೆಗೆದರು.

“ಗೌಡ್ರೇ, ನಿಮಗೊಂದು ಉಪಕಾರ ಮಾಡಿದೀನಿ ನೋಡಿ. ಆ ಕ್ಯಾಂಪಿನೋನು ನಿಮ್ಮ ಲೆಕ್ಕಕ್ಕೆ ಅಂದ. ಲೆಕ್ಕಕ್ಕಾದ್ರೆ ಪೂರಾ ಬಾಡಿಗೆ ಅಂತೆ, ನಗದಾದ್ರೆ ಕಾಲು ಭಾಗ ಕಮ್ಮಿ ಅಂತೆ. ನಾನೇ ಕೈಯಿಂದ ಕೊಟ್ಬಿಟ್ಟೆ.”

ಮಾವನವರ ಕೈ ಲೋಟದ ಮೇಲೆ ಹಾಗೇ ನಿಂತಿತು. “ನೀವು ಕೊಟ್ರಾ?” ಎಂದರು. ನೆಂಟರು ತಂಗಿದ ಜಾಗಕ್ಕೆ ನೆಂಟರೇ ದುಡ್ಡು ಕೊಟ್ಟದ್ದು ಆ ಮನೆಯಲ್ಲಿ ಅದೇ ಮೊದಲು. ಬಾಗಿಲ ಹಿಂದೆ ಅತ್ತೆ “ಶಿವಶಿವಾ” ಎಂದದ್ದು ನನಗೆ ಕೇಳಿಸಿತು.

ಹುಡುಗನ ತಂದೆಗೆ ಏನೂ ಕೇಳಿಸಲಿಲ್ಲ. “ಅದರಲ್ಲೂ ಒಂದು ತೊಡಕಿತ್ತು ನೋಡಿ. ನಾಲ್ಕು ಜನ ಇದ್ರೆ ಮಾತ್ರ ರಿಯಾಯ್ತಿ ಅಂದ. ನಾವು ಮೂವರು. ನಾನು ಬಿಡ್ತೀನಾ? ಡ್ರೈವರನ್ನೂ ಸೇರಿಸ್ದೆ! ನಾಲ್ಕು ತಲೆ ಲೆಕ್ಕ ಕೊಟ್ಟು ಕಾಲು ಭಾಗ ಇಳಿಸ್ಕೊಂಡೆ. ಎಲ್ಲಾ ಓದ್ಕೊಂಡೇ ಮಾಡ್ಬೇಕು ಗೌಡ್ರೇ. ಹಳ್ಳೀಲಿ ನಿಮಗೆ ಇದೆಲ್ಲಾ ಅಭ್ಯಾಸ ಇರೋಲ್ಲ.”

ಅವರ ಹೆಂಡತಿ ತಲೆಯಾಡಿಸಿ, “ಇವರು ವ್ಯವಹಾರದಲ್ಲಿ ಬಹಳ ಚುರುಕು” ಎಂದರು.

ನಾಲ್ಕು ತಲೆಯ ಬಾಡಿಗೆಯಲ್ಲಿ ಕಾಲು ಭಾಗ ಕಳೆದರೆ ಉಳಿಯುವುದು ಮೂರು ತಲೆಯ ಬಾಡಿಗೆ. ಅವರು ಇದ್ದದ್ದೇ ಮೂವರು. ಸುಮ್ಮನೆ ಮೂವರಿಗೆ ಕೊಟ್ಟಿದ್ದರೂ ಅದೇ ಹಣ. ಇಷ್ಟಕ್ಕೆ ಒಬ್ಬ ಮನುಷ್ಯನ ತಲೆ ಎಣಿಸಿ, ಅವನನ್ನು ಹೊಳೆಯ ಮಂಜಿನಲ್ಲಿ ಕಾರಿನೊಳಗೆ ಮುದುರಿಸಿ, ಬೆಳಿಗ್ಗೆ ಅದನ್ನು ಉಪಕಾರವೆಂದು ನಮಗೆ ಬಡಿಸುತ್ತಿದ್ದರು. ನನಗೆ ನಗು ಬಂತು. ಹೊಸಬರ ಮುಂದೆ ನಗಬಾರದೆಂದು ಕೇಸರಿಬಾತಿನ ಪಾತ್ರೆಯ ಕಡೆ ತಿರುಗಿಕೊಂಡೆ.

ನಾದಿನಿ ಮಾತ್ರ ತಿರುಗಲಿಲ್ಲ. “ಮೂರು ಜನಕ್ಕೇ ಕೊಟ್ಟಿದ್ರೂ ಅಷ್ಟೇ ಆಗ್ತಿತ್ತಲ್ವಾ?” ಎಂದಳು. ದನಿ ಮೆತ್ತಗಿತ್ತು. ಅವಳು ಕೇಳಿದ್ದು ಹುಡುಗನ ತಂದೆಯನ್ನಲ್ಲ, ಹುಡುಗನನ್ನು.

ನೋಡಲು ಬಂದವರ ಮುಂದೆ ಹುಡುಗಿ ತಾನಾಗಿ ಬಾಯಿ ತೆರೆಯುವುದು ಆ ಕಾಲದಲ್ಲಿ ಸಣ್ಣ ಮಾತಲ್ಲ. ನಮ್ಮ ಯಜಮಾನರು ಕೆಮ್ಮಿದರು. ತಂದೆಯ ಮೀಸೆ ಒಂದು ಕ್ಷಣ ನಿಂತಲ್ಲೇ ನಿಂತಿತು. “ಅದು ಹೆಂಗಮ್ಮಾ? ಕಾಲು ಭಾಗ ಅಂದ್ರೆ ಕಾಲು ಭಾಗವೇ. ಹೆಣ್ಮಕ್ಕಳಿಗೆ ಲೆಕ್ಕ ಬೇಡ ಬಿಡಿ. ಕೇಳು, ಇವನನ್ನೇ ಕೇಳು, ಇವನು ಮೇಷ್ಟ್ರು.”

ಎಲ್ಲರೂ ಹುಡುಗನ ಕಡೆ ನೋಡಿದೆವು. ಅವನು ಬೆರಳ ತುದಿಯಿಂದ ಉಪ್ಪಿಟ್ಟಿನ ಸಾಸಿವೆಯನ್ನು ತಟ್ಟೆಯ ಅಂಚಿಗೆ ಸರಿಸುತ್ತಿದ್ದ. ಅವನಿಗೆ ಗೊತ್ತಿತ್ತು. ನೆನ್ನೆ ಸಂಜೆಯೇ, ತಂದೆ ದುಡ್ಡು ಎಣಿಸುವಾಗಲೇ ಗೊತ್ತಿತ್ತು. ಗೊತ್ತಿದ್ದೂ ತನ್ನ ಮಂಚದ ಮೇಲೆ ಬೆಚ್ಚಗೆ ಮಲಗಿದ್ದ. ಅವನು ತಲೆಯೆತ್ತದೆ, “ಅಪ್ಪ ಹೇಳಿದ್ದು ಸರಿ” ಎಂದ.

“ನೋಡಿದ್ರಾ!” ಎಂದು ತಂದೆ ರಸೀದಿಯನ್ನು ಮಾವನವರ ಮುಂದೆ ತಳ್ಳಿದರು. “ಅರ್ಜೆಂಟೇನಿಲ್ಲ. ನಾವು ಹೊರಡೋದ್ರೊಳಗೆ ಕೊಟ್ರೆ ಸಾಕು.”

ಮಾವನವರು ನಮ್ಮ ಯಜಮಾನರ ಮುಖ ನೋಡಿದರು. ಹಿಂದಿನ ದಿನವಷ್ಟೇ ಬಟವಾಡೆ ಆಗಿತ್ತು. ಕಣದ ತುಂಬ ಕಾಫಿ ಒಣಗುತ್ತಿತ್ತು, ಉಗ್ರಾಣದಲ್ಲಿ ಮೂಟೆಗಳು ತೊಲೆ ಮುಟ್ಟಿದ್ದವು, ಪೆಟ್ಟಿಗೆಯಲ್ಲಿ ನೋಟು ಇರಲಿಲ್ಲ. “ನಾಳೆ ಪೇಟೆಯಿಂದ ತರಿಸಿ…” ಎಂದು ಶುರುಮಾಡಿದರು. ಹುಡುಗನ ತಾಯಿ ಗಂಡನ ಕಡೆ ನೋಡಿದರು, ಗಂಡ ಗೋಡೆಯ ಕಡೆ ನೋಡಿದರು. “ಓಹೋ” ಎಂದರು. ಇಷ್ಟು ದೊಡ್ಡ ತೋಟದ ಮನೆಯಲ್ಲಿ ಇಷ್ಟೂ ಇಲ್ಲವೇ ಎಂಬುದೆಲ್ಲ ಆ ಓಹೋದಲ್ಲಿತ್ತು. ಪೂಲಿನ ವ್ಯವಹಾರವನ್ನು ಅವರಿಗೆ ವಿವರಿಸುವ ಶ್ರಮವನ್ನು ಯಾರೂ ತೆಗೆದುಕೊಳ್ಳಲಿಲ್ಲ. ರಸೀದಿಯಿಂದಾಚೆಗೆ ಲೋಕವಿದೆ ಎಂದು ಗೊತ್ತಿಲ್ಲದವರಿಗೆ ಎಲ್ಲಿಂದ ಶುರುಮಾಡುವುದು?

ಅಷ್ಟರಲ್ಲಿ ನಾದಿನಿ ಒಳಗೆ ಹೋಗಿಯಾಗಿತ್ತು. ಬಿಸ್ಕತ್ತಿನ ಡಬ್ಬಿಯ ಮುಚ್ಚಳ ಕಿರುಗುಟ್ಟಿತು. ಎಲೆಯಡಿಕೆಯ ತಟ್ಟೆಯಲ್ಲಿ ದುಡ್ಡಿಟ್ಟುಕೊಂಡು ಬಂದು ಹುಡುಗನ ತಂದೆಯ ಮುಂದೆ ಇಟ್ಟಳು. ನೋಟು, ನಾಣ್ಯ, ಎಲ್ಲ ಕಲಸಿಕೊಂಡಿದ್ದವು.

“ಇದು ಜಾಸ್ತಿ ಆಯ್ತಮ್ಮಾ” ಎಂದರು ಅವರು. ಕಣ್ಣಲ್ಲೇ ಎಣಿಸಿದ್ದರು.

“ಕಾಲು ಭಾಗ ಕಳೀದೆ ಇಟ್ಟಿದೀನಿ” ಎಂದಳು. “ಡ್ರೈವರಿಗೆ ಒಂದು ಮಂಚ ತಗೊಳ್ಳಿ, ದಾರೀಲಿ ಎಲ್ಲಾದ್ರೂ ತಂಗಿದ್ರೆ.”

ತಗೊಂಡರು. ಮರ್ಯಾದೆಗಾದರೂ ಬೇಡವೆನ್ನಬಹುದೆಂದು ಕಾದೆ. ನಾಣ್ಯಗಳನ್ನು ಅಂಗೈಗೆ ಬಾಚಿ, ನೋಟುಗಳ ಮಡಿಕೆ ಬಿಡಿಸಿ ಜೇಬಿಗಿಟ್ಟರು. ಮಗ ನೋಡುತ್ತ ಕುಳಿತಿದ್ದ.

ಅಡುಗೆಮನೆಯಲ್ಲಿ ಅತ್ತೆ ಅವಳ ತೋಳು ಹಿಡಿದರು. “ಏನೇ ನಿನ್ ಕಥೆ? ಇದೂ ಹೋಗ್ಬುಟ್ರೆ ಇನ್ನೆಲ್ಲಿಂದ ತರಾನ? ಕಾಲೇಜ್ ಬಿಟ್ಟಾಗಿಂದ ಮೈಸೂರು ಮೈಸೂರು ಅಂತಿದ್ದೋಳು ನೀನೇ ಅಲ್ವೇನೇ?”

“ಒಲ್ಲೆ ಅವ್ವಾ.”

“ಅವ್ರಪ್ಪ ಹಂಗೆ ಅಂದ್ರೆ ಹುಡ್ಗ ಏನ್ ಮಾಡಾನು? ಒಳ್ಳೇ ಕೆಲ್ಸ ಐತೆ, ಮನೆ ಐತೆ…”

“ಲೆಕ್ಕ ಹೇಳ್ಕೊಡೋನು ಅವ್ವಾ ಅವನು” ಎಂದಳು.

ಮಾವನವರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರು. ಮಗಳ ಮುಖವನ್ನು ಒಂದು ಸಲ ನೋಡಿದರು. “ಕಳಿಸ್ಬುಡ್ಲಾ?” ಎಂದು ಕೇಳಿದರು. ಅವಳು ಹೂಂ ಎಂದಳು. ಅವರು ಹೊರಗೆ ಹೋಗಿ, ಕೈಮುಗಿದು, ಗಂಡಿನ ಕಡೆಯವರೇ ಹೇಳಬೇಕಾದ ಮಾತನ್ನು ತಾವೇ ಹೇಳಿದರು: “ಯೋಚ್ನೆ ಮಾಡಿ ಕಾಗ್ದ ಬರೀತೀವಿ.” ಹುಡುಗನ ತಂದೆಗೆ ಅದು ಅರ್ಥವಾಗಲು ಕಾರು ಹತ್ತುವವರೆಗೂ ಹೊತ್ತು ಹಿಡಿಯಿತು.

ಕ್ಯಾಂಪಿನವನು ಮರುವಾರ ಹ್ಯಾಟು ಹಿಡಿದುಕೊಂಡು ಬಂದ. ಲಾಂದ್ರ, ಬಿಸಿನೀರು ಮಾವನವರ ಲೆಕ್ಕದಲ್ಲೇ ಉಳಿದಿವೆ ಎಂದ. ಅವನ ಬಗ್ಗೆ ಇದಕ್ಕಿಂತ ಹೆಚ್ಚು ಶಾಯಿ ಖರ್ಚು ಮಾಡಲಾರೆ.

ಆ ಭಾನುವಾರ ಮಧ್ಯಾಹ್ನ ನಾದಿನಿ ಹಿತ್ತಲ ಕಟ್ಟೆಯ ಮೇಲೆ ಕುಳಿತಿದ್ದಳು. ಪಕ್ಕದಲ್ಲಿ ಹೋಗಿ ಕುಳಿತೆ. ಸ್ವಲ್ಪ ಹೊತ್ತಿಗೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

“ಅವನಿಗೋಸ್ಕರ ಅಳ್ತೀಯೇನೇ?” ಎಂದೆ.

“ಥೂ, ಅವನಿಗಾ!” ಎಂದಳು ಅಳುತ್ತಲೇ. “ಮೈಸೂರು ಅತ್ತಿಗೆ. ಮೈಸೂರು ಹೋಯ್ತು.”