ಮೇಷ್ಟ್ರು ಮತ್ತು ಪೋಪರ ಮೌನ

ಮೇಷ್ಟ್ರ ಬಲಗೈಯ ತೋರುಬೆರಳು ನೆಟ್ಟಗಾಗುತ್ತಿರಲಿಲ್ಲ. ಯಾವಾಗಲೋ ಮುರಿದು ಕೂಡಿಕೊಂಡದ್ದು. ಯಾರತ್ತ ತೋರಿಸಿದರೂ ತುದಿ ಮೇಷ್ಟ್ರ ಕಡೆಗೇ ಬಾಗಿರುತ್ತಿತ್ತು.

ಕೊಡಿಗೇಹಳ್ಳಿಯಲ್ಲಿ ಅವರ ಮನೆಯ ಮಹಡಿಯಲ್ಲಿ ನಾವು ಬಾಡಿಗೆಗಿದ್ದೇವೆ. ನಾನು ಬಟ್ಟೆ ಹೊಲಿಯುವವಳು. ಮೆಷಿನ್ ಸದ್ದು ಜೋರಾದರೆ ಕೆಳಗಿನಿಂದ ಕೂಗುತ್ತಿದ್ದರು: "ಏನಮ್ಮಾ, ಮೇಲೆ ಟ್ಯಾಂಕ್ ಓಡಿಸ್ತಿದ್ದೀಯಾ? ಯುದ್ಧ ಮುಗೀತು ಕಣಮ್ಮ!"

ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು, ತಪ್ಪದೆ ಚರ್ಚಿಗೆ ಹೋಗುವ ಕ್ಯಾಥೊಲಿಕರು. ಸಂಜೆ ಮೆಟ್ಟಿಲ ಮೇಲೆ ಕೂತರೆ ಮಾತು ಎಲ್ಲಿಂದ ಶುರುವಾದರೂ ಎರಡನೇ ಮಹಾಯುದ್ಧದ ಕಾಲದ ಪೋಪರಿಗೇ ಬಂದು ನಿಲ್ಲುತ್ತಿತ್ತು. ಜರ್ಮನ್ ಸೈನಿಕರು ರೋಮಿನಲ್ಲಿ ಯಹೂದಿಗಳನ್ನು ಹಿಡಿದೊಯ್ದಾಗ ಅಲ್ಲಿನ ಮಠಗಳು, ಕಾನ್ವೆಂಟುಗಳು ಅನೇಕರನ್ನು ಬಚ್ಚಿಟ್ಟು ಉಳಿಸಿದವು. ಪೋಪರು ಮಾತ್ರ ಬಹಿರಂಗವಾಗಿ, ಹೆಸರು ಹಿಡಿದು ಖಂಡಿಸಲಿಲ್ಲ. "ಮಾತಾಡಿದ್ರೆ ಇನ್ನೂ ಜಾಸ್ತಿ ಜನ ಸಾಯ್ತಿದ್ರು ಅಂತಾರೆ. ಇರಬಹುದು. ಆದ್ರೂ..." ಎಂದು ನಿಲ್ಲಿಸುತ್ತಿದ್ದರು.

ಈ ಬಡಾವಣೆಯಲ್ಲಿ ನಮಗೆ ಯಾರೂ ಮನೆ ಕೊಡದಿದ್ದಾಗ ಮೇಷ್ಟ್ರೇ ಕರೆದು ಕೊಟ್ಟಿದ್ದರು. ಅದಕ್ಕೆ ಮೊದಲು ಬಡಾವಣೆ ಸಂಘದ ಸಭೆಯಲ್ಲಿ ಮುಸ್ಲಿಮರಿಗೆ ಮನೆ ಬೇಡವೆಂದು ಮಾತಾಗಿತ್ತಂತೆ. "ನಾನೂ ಅಲ್ಲೇ ಕೂತಿದ್ದೆ ಕಣಮ್ಮ. ಟೀ ಕುಡಿದು ಎದ್ದು ಬಂದೆ," ಎಂದರು ಒಂದು ಸಂಜೆ.

"ಮನೆ ಕೊಟ್ರಲ್ಲ ಸಾರ್. ನಮಗೆ ಬೇಕಿದ್ದಿದ್ದು ಅದೇ. ಭಾಷಣದ ಕೆಳಗೆ ಮಲಗೋಕಾಗುತ್ತಾ?" ಎಂದೆ.

ಜೋರಾಗಿ ನಕ್ಕರು. ಆಮೇಲೆ, "ನನಗಿರೋದು ಒಂದೇ ಮಹಡಿ. ಇನ್ನೊಬ್ರು ಬಂದ್ರೆ?" ಎಂದರು.

ಕಳೆದ ವರ್ಷ ನನ್ನ ತಂಗಿ ಇದೇ ಬೀದಿಯಲ್ಲಿ ಖಾಲಿಯಿದ್ದ ಒಂದು ಮನೆ ಕೇಳಿದಳು. ಸಂಘದಲ್ಲಿ ಮತ್ತೆ ಅದೇ ಮಾತು. ಈ ಸಲ ಮೇಷ್ಟ್ರು ಎದ್ದು ನಿಂತರೆಂದು ಆ ಮನೆಯ ಓನರ್ರೇ ನನಗೆ ಹೇಳಿದರು. "ಇದು ತಪ್ಪು. ಹಿಂದೆ ಮಾಡಿದ್ದೂ ತಪ್ಪೇ, ಆಗ ನಾನು ಸುಮ್ನಿದ್ದೆ," ಅಂದರಂತೆ. "ಮೇಷ್ಟ್ರೇ, ಪೀರಿಯಡ್ ಮುಗೀತು, ಕೂತ್ಕೊಳ್ಳಿ," ಎಂದು ಯಾರೋ ನಗಿಸಿದರಂತೆ. ಅವರು ಕೂರಲಿಲ್ಲವಂತೆ.

ತಂಗಿಗೆ ಮನೆ ಸಿಗಲಿಲ್ಲ. ಮೇಷ್ಟ್ರ ವಾಕಿಂಗ್ ಗೆಳೆಯರು ಗೇಟಿನ ಹತ್ತಿರ ನಿಂತು ಕೂಗುವುದನ್ನು ಬಿಟ್ಟರು. ಅವರು ಒಬ್ಬರೇ ಹೋಗಿಬರುತ್ತಿದ್ದರು. "ಮಾತಿನಿಂದ ಏನೂ ಆಗ್ಲಿಲ್ಲ ನೋಡು. ನೀನೇ ಗೆದ್ದೆ," ಎಂದರು ನನಗೆ.

ಹೋದ ತಿಂಗಳು ನಿದ್ದೆಯಲ್ಲೇ ತೀರಿಕೊಂಡರು. ಮಣ್ಣಿಗೆ ತಂಗಿ ಚಿಕ್ಕಬಾಣಾವರದಿಂದ ಕೂಸನ್ನೆತ್ತಿಕೊಂಡು ಬಂದಿದ್ದಳು. ಮೇಷ್ಟ್ರನ್ನು ಅವಳು ನೋಡಿಯೇ ಇರಲಿಲ್ಲ. "ಈ ಬಿಸಿಲಲ್ಲಿ ಯಾಕೆ ಬಂದೆ?" ಎಂದು ಗದರಿದೆ.

"ಅಷ್ಟು ಜನರ ಮುಂದೆ ನನಗೋಸ್ಕರ ಎದ್ದು ನಿಂತವರು ಅಕ್ಕಾ. ಬರದೆ ಇರಕ್ಕಾಗುತ್ತಾ?"

ಮೆಟ್ಟಿಲ ಮೇಲೆ ನಾನು ಹೂಡಿದ್ದ ವಾದಕ್ಕೆ ಅವಳು ಉತ್ತರ ಕೊಟ್ಟಿದ್ದಳು. ಕೇಳಲು ಮೇಷ್ಟ್ರು ಇರಲಿಲ್ಲ.