ಕಂಬದಕ್ಕ ಎದ್ದರೆ ಜಾರುವ ಚಿತ್ರ

ಕಚೇರಿಯಲ್ಲಿ ಅವಳಿಗೆ ಕಂಬದಕ್ಕ ಎಂದೇ ಹೆಸರು. ಅವಳು ರೂಪಿಸುವ ಕಂಬ ಹೆಬ್ಬೆರಳಿನಷ್ಟು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ, ಕಂಬವೆಂದು ಕರೆಯುವ ಆಳೆತ್ತರದ ಕೊಳವೆಯನ್ನು ಅಷ್ಟಕ್ಕೆ ಕುಗ್ಗಿಸುವುದು ಅವಳ ಕಸುಬು. ಸೂಜಿಮೊನೆಯಿಂದ ಹೊರಟ ಎಲೆಕ್ಟ್ರಾನ್ ಕಿರಣ, ಒಂದರ ಮೇಲೊಂದು ಪೇರಿಸಿದ ಸಿಲಿಕಾನ್ ಬಿಲ್ಲೆಗಳ ತೂತುಗಳ ನಟ್ಟನಡುವೆ ಹಾಯ್ದು, ಕೆಳಗಿಟ್ಟ ವಸ್ತುವನ್ನು ಸಾಲುಸಾಲಾಗಿ ಸವರಬೇಕು. ಆಗ ಪರದೆಯ ಮೇಲೆ ಚಿತ್ರ. ಕಿರಣ ಕೊಂಚ ಆಚೀಚೆಯಾದರೂ ಚಿತ್ರ ಕಲಸುಮೇಲೋಗರ.

ರಸ್ತೆಯ ಅದುರಾಟ ತಾಗಬಾರದೆಂದು ಅವಳನ್ನು ನೆಲಮಾಳಿಗೆಗೆ ಹಾಕಿದ್ದರು. ಕಿಟಕಿಯಿಲ್ಲ. ಗಾಳಿ ಹೀರುವ ಪಂಪಿನ ಗೊರಗೊರವೇ ಒಡನಾಟ. ಗಂಡ, ಮಗಳು ಬೇರೆ ಊರಲ್ಲಿ. ಅಲ್ಲೂ ಇದೇ ಕಂಪನಿಯ ಶಾಖೆಯಿದೆ. ವರ್ಗಾವಣೆ ಕೇಳಿದಾಗಲೆಲ್ಲ ನಿರ್ದೇಶಕರದು ಒಂದೇ ಮಾತು: “ನಿಮ್ಮ ಬದಲು ಇನ್ನೊಬ್ರು ಚಿತ್ರ ತೆಗೆದು ತೋರಿಸ್ಲಿ. ಅವತ್ತೇ ಕಳಿಸ್ಕೊಡ್ತೀನಿ.”

ಇನ್ನೊಬ್ಬರೆಂದರೆ ಜೊತೆಯ ಎಂಜಿನಿಯರ್. ಬೆನ್ನುನೋವಿನ ಆಸಾಮಿ, ನಿಂತೇ ಕೆಲಸ ಮಾಡುವವನು. ಕಂಬದಕ್ಕ ಕೂತು ಕಿರಣವನ್ನು ನಡುವಿಗೆ ತಂದು, ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ಅವನಿಗೆ ಜಾಗ ಬಿಟ್ಟಳೋ, ಚಿತ್ರ ಜಾರಿತೆಂದೇ ಲೆಕ್ಕ.

“ಅಕ್ಕಾ, ಈ ಕಂಬಕ್ಕೆ ನಿಮ್ಮ ಮೇಲೆ ಮೋಹ. ನೀವೆದ್ರೆ ಮುಖ ತಿರುಗಿಸ್ಕೊಳ್ಳುತ್ತೆ.”

“ಮೋಹ ಅಲ್ಲ ಕಣಪ್ಪ, ಹಠ. ನನ್ನ ಮಗಳೇ ವಾಸಿ.”

ನಿರ್ದೇಶಕರು ಇದಕ್ಕೆ ಕೈಗುಣ ಎಂದು ಹೆಸರಿಟ್ಟರು. ಮೇಲಿನವರು ಹೀಗೆ ಹೊಗಳತೊಡಗಿದರೆ ನಾನು ಮೊದಲು ನೋಡುವುದು ಬಾಗಿಲ ಚಿಲಕವನ್ನು.

ಒಂದು ಮಧ್ಯಾಹ್ನ ಅವಳು ಎದ್ದು ನಿಂತೇ ಚಿತ್ರ ನೋಡುತ್ತಿದ್ದಳು. ಚಿತ್ರ ನೆಟ್ಟಗಿತ್ತು. ಎಂಜಿನಿಯರ್ ದಾರಿಗಡ್ಡವೆಂದು ಕುರ್ಚಿಯನ್ನು ಕಾಲಿನಿಂದ ತಳ್ಳಿದ. ಚಿತ್ರ ಜಾರಿತು. ಅವಳು ಕುರ್ಚಿಯನ್ನು ಮೊದಲಿದ್ದಲ್ಲಿಗೇ ಎಳೆದಳು, ಚಿತ್ರ ಮರಳಿತು. ಕುರ್ಚಿಯ ಉಕ್ಕಿನ ಕಾಲುಗಳು ಅಯಸ್ಕಾಂತವಾಗಿ ಕಿರಣವನ್ನು ಎಳೆಯುತ್ತಿದ್ದವು! ಇಷ್ಟು ವರ್ಷವೂ ಅವಳು ಆ ಕುರ್ಚಿಯಲ್ಲಿ ಕೂತು, ಅದರ ಸೆಳೆತವನ್ನೂ ಸೇರಿಸಿಕೊಂಡೇ ಕಿರಣವನ್ನು ನೇರ ಮಾಡಿದ್ದಳು.

“ಥೂ, ನನ್ನ ಬುದ್ಧಿಗಿಷ್ಟು” ಎಂದು ನಕ್ಕಳು. ನಗುವಾಗ ಕಣ್ಣು ತುಂಬಿತು. ಕುರ್ಚಿಯನ್ನು ಹೊರಗಿಟ್ಟು, ಕಿರಣವನ್ನು ಹೊಸದಾಗಿ ಹೊಂದಿಸಿ, ತಾನು ಮೇಲಿನ ಮಹಡಿಗೆ ಹೋಗಿ ನಿಂತಳು. ಕೆಳಗೆ ಎಂಜಿನಿಯರ್ ಒಬ್ಬನೇ ಚಿತ್ರ ತೆಗೆದ. ಅಚ್ಚೊತ್ತಿದಷ್ಟು ಸ್ಪಷ್ಟ.

ನಿರ್ದೇಶಕರು ಚಿತ್ರವನ್ನು ದಿಟ್ಟಿಸಿದರು. ಅವಳ ಬೆನ್ನು ತಟ್ಟಿದರು. “ನೋಡಿದ್ರಾ? ಇದನ್ನ ನೀವಲ್ದೆ ಯಾರು ಕಂಡುಹಿಡೀತಿದ್ರು? ಈಗ ನೂರು ಕಂಬ ಒಟ್ಟಿಗೆ ನಿಲ್ಲಿಸ್ಬೇಕು. ಇಂಥ ಹೊತ್ನಲ್ಲಿ ನಿಮ್ಮನ್ನ ಬಿಡೋಕಾಗುತ್ತಾ?”

ಕೊಟ್ಟ ಮಾತು ಏನಾಯಿತೆಂದು ಅವಳು ಕೇಳಿದಳು. ಪರಿಸ್ಥಿತಿ ಬದಲಾಗಿದೆ ಎಂದರು. ಕಳ್ಳನನ್ನು ಕೂಡಿಹಾಕುವಾಗಲೂ ಎಷ್ಟು ವರ್ಷ ಎಂದು ಹೇಳಿ ಕೂಡಿಹಾಕುತ್ತಾರೆ, ಸ್ವಾಮಿ. ಕೆಲಸ ಬಲ್ಲವಳಿಗೆ ಆ ಮರ್ಯಾದೆಯೂ ಇಲ್ಲ.

ಸಂಜೆ ಮಗಳಿಗೆ ಫೋನ್ ಮಾಡಿ ಎಲ್ಲ ಹೇಳಿದಳು.

“ಅಮ್ಮಾ, ಅದು ಸರಿಹೋಗದೇ ಇದ್ದಿದ್ರೆ ಬಿಡ್ತಿದ್ರಾ?”

“ಸರಿಹೋಗದೇ ಇದ್ದಾಗಲೂ ಬಿಡ್ಲಿಲ್ವಲ್ಲ ಪುಟ್ಟಿ.”